ಕುಣಿ ಇಲ್ಲದ ಹಂದರ

“ಹೆಣಾ ತೊಳ್ಯಾಕ ಸರ್ಕಾರದ ರೋಡ್ ಒಡಿತೀರೇನಲೇ, ಹಲ್ಕಟ್ ಸೂಳಿಮಕ್ಕಳ?”

ರಾಜಕುಮಾರ ಹಾಗೆ ಬೈಯುತ್ತಲೇ ಬಂದು, ಹಾರೆ ಬೀಳಬೇಕಾದ ಜಾಗದಲ್ಲಿ ಬೂಟುಗಾಲು ಊರಿ ನಿಂತ. ಫಕ್ರುಸಾಬ ಎರಡೂ ಕೈಯಲ್ಲಿ ಮೇಲೆತ್ತಿದ್ದ ಹಾರೆ ಹಾಗೆಯೇ ಇತ್ತು. ಇಳಿಸಿದರೆ ಬೂಟಿನ ಮೇಲೆ ಬೀಳುತ್ತದೆ, ಎತ್ತಿಯೇ ಹಿಡಿದರೆ ಹೊಡೆಯಲು ಎತ್ತಿದಂತೆ ಕಾಣುತ್ತದೆ. ಮುದುಕ ಹಾರೆಯನ್ನು ಗಾಳಿಯಲ್ಲೇ ಹಿಡಿದು ನಿಂತ. ಅವನ ಹೆಂಡತಿ ಜುಲೇಖಾ ಅವತ್ತು ನಸುಕಿನಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದಳು. ಅವಳಿಗೆ ಕೊನೆಯ ಸ್ನಾನ ಮಾಡಿಸಲು ಓಣಿಯಲ್ಲಿ ಹಂದರ ಹಾಕಬೇಕಿತ್ತು. ನಾನು ಪಕ್ಕದ ಶೆಡ್ಡಿನ ಹುಚ್ಚವ್ವ. ಕೈಯಲ್ಲಿ ನಮ್ಮ ಮನೆಯ ಬಿದಿರಿನ ಗಳ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಹಾರೆ ಆಗಲೇ ನಾಲ್ಕಾರು ಸಲ ಬಿದ್ದಿತ್ತು. ಬಿದ್ದ ಕಡೆ ಒಂದು ಬಿಳಿ ಗೀರು, ಅಷ್ಟೆ. ಆ ಕಾಂಕ್ರೀಟು ಅಷ್ಟು ಗಟ್ಟಿಯಾಗಲು ಕಾರಣ ಬೇರೆ ಯಾರೂ ಅಲ್ಲ, ನಾವೇ.

ಬಾಗಲಕೋಟೆಯ ಹಳೇ ಊರಿಗೆ ಅಣೆಕಟ್ಟಿನ ಹಿನ್ನೀರು ನುಗ್ಗಿದಾಗ ಸ್ವಂತ ಮನೆ ಇದ್ದವರು ಸೈಟು ಹಿಡಿದುಕೊಂಡು ನವನಗರಕ್ಕೆ ಬಂದರು. ನಮ್ಮ ಹಿರಿಯರು ಹಿಡಿದುಕೊಂಡು ಬಂದದ್ದು ತಗಡು ಮತ್ತು ಬಿದಿರಿನ ಗಳ. ನವನಗರದ ಅಂಚಿನಲ್ಲಿ ತಗಡು ಹೊದಿಸಿ ಕೂತರು, ಓಣಿಗೆ ತಗಡಿನ ಓಣಿ ಎಂದೇ ಹೆಸರಾಯಿತು. ಒಂದೊಂದು ಶೆಡ್ಡಿನಲ್ಲಿ ನಾಲ್ಕು ಜನ ಮೈ ಚಾಚಿದರೆ ಐದನೆಯವನು ಹೊರಗೆ. ಮದುವೆ, ತೊಟ್ಟಿಲು, ಸಾವು ಯಾವುದೂ ಒಳಗೆ ಹಿಡಿಸುವುದಿಲ್ಲ. ಅದಕ್ಕೇ ಓಣಿಯ ನಡುವೆ ಎರಡು ಸಾಲು ಕುಣಿ ತೋಡಿದ್ದರು. ಮೊಳಕೈವರೆಗೆ ಕೈ ಹೋಗುವಷ್ಟು ಆಳ, ಬಾಯಿಗೊಂದು ಚಪ್ಪಟೆ ಕಲ್ಲಿನ ಮುಚ್ಚಳ. ಮನೆಗೊಂದು ಗಳ. ಯಾರ ಮನೆಯಲ್ಲಿ ಏನೇ ಆಗಲಿ, ಎಲ್ಲರೂ ತಮ್ಮ ಗಳ ತಂದು ತಮ್ಮ ಕುಣಿಗೆ ನಿಲ್ಲಿಸಬೇಕು. ಬೈದಾಡಿಕೊಂಡವರೂ ತರಬೇಕು, ಸಾಬರೂ ತರಬೇಕು, ಬೀರಪ್ಪ ದೇವರ ಒಕ್ಕಲಾದ ನಾವೂ ತರಬೇಕು. ಗಳ ತರದವನ ಮನೆಯ ನೀರು ಕುಡಿಯಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಕತ್ತಲಲ್ಲಿ ಬರುವಾಗಲೂ ನಮ್ಮ ಕುಣಿಯ ಕಲ್ಲು ನಮ್ಮ ಕಾಲಿಗೆ ಗೊತ್ತಾಗುತ್ತಿತ್ತು.

ಹೋದ ವರ್ಷ ಸುತ್ತ ಲೇಔಟು ಎದ್ದಿತು, ಓಣಿಗೆ ಸಿಮೆಂಟಿನ ರಸ್ತೆ ಬಂತು. ಕಂತ್ರಾಟು ರಾಜಕುಮಾರನದು, ದುಡಿಮೆ ನಮ್ಮದು. ಬೇರೆ ಕಡೆ ಮಾಲು ಕಲಸುವಾಗ ಹೇಳಿದಷ್ಟು ಹಾಕಿ ಕೈ ತೊಳೆದುಕೊಳ್ಳುವ ನಾವು, ನಮ್ಮ ಓಣಿ ಎಂದ ಕೂಡಲೇ ಹುಚ್ಚರಂತಾದೆವು. ರಾಜಕುಮಾರ ಉಣ್ಣಲು ಹೋದದ್ದೇ ತಡ, ಅವನ ಚೀಲದಿಂದಲೇ ಸಿಮೆಂಟು ಮೇಲೆ ಮೇಲೆ ಸುರಿದು ಕಲಸಿದೆವು. ಬಿಸಿಲಿಗೆ ಬಿರಿಯಬಾರದು ಎಂದು ಜುಲೇಖಾ ಕುಡಿಯುವ ನೀರಿನ ಕೊಡವನ್ನೇ ತಂದು ರಸ್ತೆಗೆ ಹನಿಸುತ್ತಿದ್ದಳು. ಅದರ ಕೆಳಗೆ ಹಂದರದ ಕುಣಿಗಳೂ ಹೋದವು ಎಂಬುದು ಆ ಖುಷಿಯಲ್ಲಿ ಒಬ್ಬ ಗಂಡಸಿಗೂ ಹೊಳೆಯಲಿಲ್ಲ, ಹೆಂಗಸಿಗೂ ಹೊಳೆಯಲಿಲ್ಲ. ರಸ್ತೆಯಾದ ಮೇಲೆ ಓಣಿಯಲ್ಲಿ ಬಂದ ಮೊದಲ ಕಾರ್ಯವೇ ಜುಲೇಖಾಳ ಸಾವು.

ನನ್ನ ಗಂಡ ಹುಲ್ಲಪ್ಪ ಮುಂದೆ ಬಂದು ಫಕ್ರುಸಾಬನ ಕೈಯಿಂದ ಹಾರೆ ಇಳಿಸಿಕೊಂಡ. ರಾಜಕುಮಾರ ಅವನ ದೊಡ್ಡಪ್ಪನ ಮಗ. ಇದೇ ಓಣಿಯಲ್ಲಿ ಮೂಗು ಸುರಿಸಿಕೊಂಡು ಬೆಳೆದವನು, ಇದೇ ಹಂದರದ ಕೆಳಗೆ ಅಕ್ಕಿಕಾಳು ಬಿದ್ದು ಮದುವೆಯಾದವನು. ಈಗ ಓಣಿಯ ಬಾಯಲ್ಲಿ ಮೂರಂತಸ್ತಿನ ಫ್ಲಾಟು ಕಟ್ಟಿಸಿದ್ದಾನೆ. ಹುಲ್ಲಪ್ಪ ತಗ್ಗಿದ ದನಿಯಲ್ಲೇ, ಒಂದು ತಾಸಿನ ಕೆಲಸ, ಆಮೇಲೆ ನಾವೇ ಕುಣಿ ಮುಚ್ಚಿ ಕೊಡುತ್ತೇವೆ ಎಂದ.

“ಮಧ್ಯಾಹ್ನ ಫ್ಲಾಟ್ ನೋಡಾಕ ಪಾರ್ಟಿ ಬರ್ತೈತಿ. ಅವರ ಕಣ್ಣಿಗೆ ನಿಮ್ಮ ಹೆಣ ಬೀಳಬೇಕೇನು? ಒಂದ ಕುಣಿ ತೋಡಿದ್ರ ಅದರಾಗ ನಿನ್ನ ಹೂಳ್ತೇನಿ,” ಎಂದು ರಾಜಕುಮಾರ ಮೊಬೈಲ್ ತೆಗೆದು ಯಾರಿಗೋ ಫೋನು ಹಚ್ಚುತ್ತ ಹೋದ.

ಶೆಡ್ಡಿನೊಳಗೆ ಸುಲ್ತಾನಾ ಕುಳಿತಿದ್ದಳು. ಓಣಿಯ ಮುಸ್ಲಿಂ ಹೆಂಗಸರು ಸತ್ತರೆ ಸ್ನಾನ ಮಾಡಿಸುವವಳು ಅವಳೇ. ಮಸೀದಿಯಲ್ಲಿ ಗಂಡಸರ ಹೆಣ ತೊಳೆಯಲು ಒಂದು ಕೋಣೆ ಇದೆ. ಹೆಂಗಸರದು ಮನೆಯಲ್ಲೇ ಆಗಬೇಕು ಎಂಬುದು ಮೊದಲಿನಿಂದ ಬಂದ ರೂಢಿ. ಮಸೀದಿಯಿಂದ ತಂದ ಹಲಗೆಯನ್ನು ಒಳಗಿಟ್ಟು ನೋಡಿದ್ದರು. ಕಾಲಿನ ಭಾಗ ಬಾಗಿಲು ದಾಟಿ ಹೊರಗೆ ಚಾಚಿತ್ತು. ಸುತ್ತ ಕೂರಲು ಒಬ್ಬರಿಗೂ ಜಾಗವಿಲ್ಲ. ಮಗಳು ಫರಹಾನಾ ಬೋರೆ ಎಲೆ ಹಾಕಿ ಕಾಯಿಸಿದ ನೀರಿನ ಹಂಡೆಯನ್ನು ನೋಡುತ್ತ ಕುಳಿತಿದ್ದಳು. ತಗಡು ಕಾಯತೊಡಗಿತ್ತು. ಮಧ್ಯಾಹ್ನದ ಜೋಹರ್ ನಮಾಜಿನೊಳಗೆ ಮಣ್ಣಾಗಬೇಕು.

ಸುಲ್ತಾನಾ ಬಾಗಿಲಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದಳು. ಮೊದಲೆಲ್ಲ ನಾಲ್ಕು ಕಡೆ ಸೀರೆ ಕಟ್ಟಿದರೆ ಸಾಕಾಗುತ್ತಿತ್ತು. ಮೇಲೆ ಬರೀ ಮುಗಿಲು, ಒಂದೆರಡು ಹದ್ದು. ಈಗ ಮೂರೂ ಅಂತಸ್ತಿನ ಗ್ಯಾಲರಿಗಳು ನಮ್ಮ ಓಣಿಯೊಳಗೇ ಇಣುಕುತ್ತವೆ. ಗೇಟಿನ ಮೂಲೆಯಲ್ಲಿ ಒಂದು ಕ್ಯಾಮೆರಾ ಬೇರೆ. ಎರಡನೇ ಅಂತಸ್ತಿನಲ್ಲಿ ಬಾಡಿಗೆಗಿರುವ ಹುಡುಗರು ಆಗಲೇ ಕಟಾಂಜನಕ್ಕೆ ಒರಗಿ ಮೊಬೈಲು ಹಿಡಿದು ನಿಂತಿದ್ದರು.

“ಹುಚ್ಚವ್ವ, ಮ್ಯಾಲೂ ಮುಚ್ಚಬೇಕಲ್ಲವಾ. ಹೆಂಗ ಮಾಡೂದು? ಸತ್ತಾಕಿ ಮೈ ಮಂದಿಗೆ ಕಂಡ್ರ ಅಕಿಗಲ್ಲ, ನನಗ ಪಾಪ,” ಎಂದಳು ಸುಲ್ತಾನಾ.

ಜುಲೇಖಾ ಹುಟ್ಟಿದಾಗಿನಿಂದ ಕತ್ತಲಲ್ಲೇ ಸ್ನಾನ ಮಾಡಿದವಳು. ಒಂದು ಬ್ಯಾರೆಲ್ಲು, ಅದಕ್ಕೊಂದು ಹರಕು ಸೀರೆಯ ಮರೆ. ಯಾರದಾದರೂ ಕೆಮ್ಮು ಕೇಳಿದರೆ ಅರ್ಧ ನೀರಿಗೇ ಎದ್ದು ಬರುತ್ತಿದ್ದಳು. ರಾಜಕುಮಾರನ ಫ್ಲಾಟಿನ ಬಚ್ಚಲುಗಳಿಗೆ ಟೈಲ್ಸ್ ಹೊತ್ತವರು ನಾವಿಬ್ಬರೇ. ಮೂರನೇ ಅಂತಸ್ತಿನ ಬಚ್ಚಲು ಮುಗಿದ ದಿನ ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡು ಬಿಟ್ಟಿದ್ದಳು. ನಲ್ಲಿಯಲ್ಲಿ ನೀರು ಇನ್ನೂ ಬಂದಿರಲಿಲ್ಲ. ಬಾಗಿಲು ಬಡಿದೆ, ಏನು ಮಾಡುತ್ತಿ ಎಂದು ಕೇಳಿದೆ. ಹೊರಗೆ ಬಂದು ನಕ್ಕಳು.

“ಸುಮ್ಮ ನಿಂತಿದ್ದೆವಾ. ಒಮ್ಮಿ ಹಿಂಗ ನಾಕು ಗ್ವಾಡಿ ನಡುವ ನಿಂತು ಮೈತುಂಬ ನೀರ ಹಾಕ್ಕೋಬೇಕು.”

ಆ ಒಮ್ಮೆ ಬರಲೇ ಇಲ್ಲ. ಈಗ ಉಳಿದದ್ದು ಇದೊಂದೇ ಸ್ನಾನ. ಇದನ್ನೂ ಮೊಬೈಲು ಹಿಡಿದ ಪೋರರಿಗೆ ತೋರಿಸಿ ಮಾಡಬೇಕೆ?

ನಾನು ನೇರ ರಾಜಕುಮಾರನ ಗೇಟಿಗೆ ಹೋದೆ. ಫ್ಲಾಟಿನ ಕೆಳಗೆ ಕಾರು ನಿಲ್ಲಿಸುವ ಜಾಗ ಖಾಲಿ ಇತ್ತು. ಮೇಲೆ ಛತ್ತು, ಮೂರು ಕಡೆ ಗೋಡೆ, ಮೂಲೆಯಲ್ಲಿ ನಲ್ಲಿ. ಅವನ ಹೆಂಡತಿ ಸುರೇಖಾ ಬರುವ ಪಾರ್ಟಿಗಾಗಿ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದವಳು, ನಾನು ಸತ್ತ ಮನೆಯಿಂದ ಬಂದವಳು ಎಂದು ಸೆರಗು ಎಳೆದುಕೊಂಡು ಮೆಟ್ಟಿಲು ಹತ್ತಿ ನಿಂತಳು. ಒಂದು ತಾಸು ಈ ಜಾಗ ಕೊಡು, ಮೂರು ಕಡೆ ಮರೆ ಇದೆ, ಗೇಟಿಗೊಂದು ಸೀರೆ ಕಟ್ಟುತ್ತೇವೆ, ಆಮೇಲೆ ಕನ್ನಡಿಯಂತೆ ತೊಳೆದು ಕೊಡುತ್ತೇವೆ ಎಂದು ಕೇಳಿದೆ. ಕೈ ಮುಗಿದೇ ಕೇಳಿದೆ.

ರಾಜಕುಮಾರ ನಗುತ್ತ, ಹಿಂದುಗಡೆ ಸಂಡಾಸದ ಟಾಕಿ ಇದೆಯಲ್ಲ, ಅದರ ಮುಚ್ಚಳದ ಮೇಲೆ ಮಲಗಿಸಿ ತೊಳೆಯಿರಿ, ನೀರೂ ಅಲ್ಲೇ ಇಳಿಯುತ್ತದೆ ಎಂದ. ನಂತರ ನಗು ನಿಲ್ಲಿಸಿದ.

“ಹುಚ್ಚಿ, ಸಾಬರ ಹೆಣದ ಉಸಾಬರಿ ನಿನಗ್ಯಾಕ? ಬೀರಪ್ಪನ ಒಕ್ಕಲದಾಗ ಹುಟ್ಟಿ ಮಾನ ಬ್ಯಾಡೇನು?”

“ನಾ ಹಡಿಯೂ ಮುಂದ ದವಾಖಾನಿ ಗಾಡಿ ಬರಲಿಲ್ಲ. ಇದ ಓಣ್ಯಾಗ ಒದ್ದಾಡಕೊಂತ ಬಿದ್ದಿದ್ದೆ. ಸೀರಿ ಹಿಡದು ನನ್ನ ಮಾನ ಮುಚ್ಚಿದಾಕಿ ಅಕಿ. ಆವತ್ತ ನಿಮ್ಮ ಮನಿ ಗಳ ಬಂದಿರಲಿಲ್ಲ.”

ಅವನ ಮುಖ ಕೆಂಪಾಯಿತು. ಗ್ರಾನೈಟಿನ ಮೇಲೆ ಮೂಡಿದ್ದ ನನ್ನ ಧೂಳುಗಾಲಿನ ಹೆಜ್ಜೆಗಳನ್ನು ಬೆರಳು ಮಾಡಿ ತೋರಿಸಿ, ಒರೆಸಿ ಹೋಗು ರಂಡೇ ಎಂದ. ನಾನು ಬಗ್ಗಿ ಸೆರಗಿನಿಂದ ಒರೆಸಿದೆ. ಯಾಕೆ ಒರೆಸಿದೆ ಎಂದು ಕೇಳಬೇಡಿ. ಆ ಕಲ್ಲಿಗೆ ದಿನಗಟ್ಟಲೆ ಪಾಲಿಶ್ ತಿಕ್ಕಿದ ಕೈ, ಹೇಳಿದ ಕೂಡಲೇ ತಾನಾಗಿ ಒರೆಸಿತು. ಓಣಿಗೆ ಮರಳುವಾಗ ಆ ಕೈಯನ್ನು ಕಡಿದು ಹಾಕಬೇಕು ಎನಿಸಿತು.

ಅಷ್ಟರಲ್ಲಿ ಗಂಡಸರು ಒಂದು ಉಪಾಯ ಮಾಡಿದ್ದರು. ಗೌಂಡಿ ಯಮನೂರನ ತಲೆ ಅದು. ಎಣ್ಣೆಯ ತಗಡಿನ ಡಬ್ಬಿಗಳಿಗೆ ಉಸುಕು, ಖಡಿ ತುಂಬಿ, ಒಂದೊಂದರಲ್ಲಿ ಒಂದೊಂದು ಗಳ ಸಿಕ್ಕಿಸಿ ರಸ್ತೆಯ ಮೇಲೇ ನಿಲ್ಲಿಸಿದ್ದರು. ಕುಣಿಯೂ ಬೇಡ, ಹಾರೆಯೂ ಬೇಡ. ಗಳಗಳು ಕುಡಿದವರ ಹಾಗೆ ಓಲಾಡುತ್ತಿದ್ದವು, ಆದರೂ ನಿಂತಿದ್ದವು. ಒಂದು ಕಡೆಗೆ ಸೀರೆ ಕಟ್ಟಿಯೂ ಆಗಿತ್ತು. ನನಗೆ ಉಸಿರು ಬಂತು.

ಆಗ ಜೀಪು ಬಂತು. ಅದರ ಹಿಂದೆ ಟ್ರ್ಯಾಕ್ಟರು. ಜೀಪಿನಿಂದ ನಗರಸಭೆ ಕಚೇರಿಯ ಸಾಹೇಬನೊಬ್ಬ ಇಳಿದ, ಜೊತೆಗೆ ಇಬ್ಬರು ಪೊಲೀಸರು. ಸಾಹೇಬ ಬೆಂಗಳೂರ ಕಡೆಯವನು, ಮಾತಿನಲ್ಲಿ ಬೈಗುಳವಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೋಡಿಮ್ಮ, ಸಾರ್ವಜನಿಕ ರಸ್ತೆಯಲ್ಲಿ ತಾತ್ಕಾಲಿಕವಾಗಿಯೂ ಏನನ್ನೂ ಕಟ್ಟುವ ಹಾಗಿಲ್ಲ. ಮೊದಲೇ ಅನುಮತಿ ಪಡೆಯಬೇಕಿತ್ತು,” ಎಂದ.

ಸಾಯುವುದಕ್ಕೆ ಮೊದಲು ಎಲ್ಲಿಂದ ಅನುಮತಿ ತರುವುದು ಎಂದು ಯಮನೂರ ಕೇಳಿದ. ಸಾಹೇಬನಿಗೆ ಅದು ತಮಾಷೆಯಾಗಿ ಕೇಳಿಸಿರಬೇಕು, ಪೊಲೀಸರ ಕಡೆ ನೋಡಿದ. ಒಬ್ಬ ಪೊಲೀಸ ಡಬ್ಬಿಗೆ ಒದ್ದ. ಉಸುಕು ಚೆಲ್ಲಿತು, ಗಳ ಬಿತ್ತು. ಆಮೇಲೆ ಒಂದರ ಹಿಂದೆ ಒಂದು. ಟ್ರ್ಯಾಕ್ಟರಿನಿಂದ ಇಳಿದ ಕೂಲಿಯವರು ನಮ್ಮಂಥವರೇ. ನಮ್ಮ ಮುಖ ನೋಡದೆ ತಲೆ ತಗ್ಗಿಸಿ ಗಳಗಳನ್ನು ಎತ್ತಿ ಟ್ರೇಲರಿಗೆ ಎಸೆದರು. ಹಳೇ ಊರಿನಿಂದ ಹೊತ್ತು ತಂದ ಗಳಗಳು, ಕೈ ತಾಗಿ ತಾಗಿ ಎಣ್ಣೆ ಬಳಿದ ಹಾಗೆ ಮಿರಮಿರ ಮಿಂಚುತ್ತಿದ್ದವು.

ಫಕ್ರುಸಾಬ ಸಾಹೇಬನ ಕಾಲು ಹಿಡಿಯಲು ಬಗ್ಗಿದ. ಪೊಲೀಸ ಎದೆಗೆ ಕೈ ಹಚ್ಚಿ ನೂಕಿದ. ಮುದುಕ ಕುಕ್ಕರಿಸಿ ಬಿದ್ದ, ತಲೆಯ ಟೊಪ್ಪಿಗೆ ಉರುಳಿ ಚರಂಡಿಯ ಅಂಚಿಗೆ ಹೋಯಿತು. ಅದನ್ನು ಕಂಡು ಹುಲ್ಲಪ್ಪ ತಡೆದುಕೊಳ್ಳಲಿಲ್ಲ.

“ನಿಮ್ಮ ಅವ್ವ ಸತ್ರ ಹಿಂಗ ಬಯಲಾಗ ಹಾಕಿ ತೊಳಿತೀರೇನ್ಲೇ ಬೋಸುಡಿ ಮಕ್ಕಳ?”

ಕಪಾಳಕ್ಕೆ ಬಿದ್ದ ಏಟಿನ ಸದ್ದು ಶೆಡ್ಡಿನೊಳಗಿನವರಿಗೂ ಕೇಳಿತು. ಹುಲ್ಲಪ್ಪನನ್ನು ಕಾಲರು ಹಿಡಿದು ಎಳೆದು ಜೀಪಿನಲ್ಲಿ ಕೂರಿಸಿದರು. ಗಂಡಸರೆಲ್ಲ ಹಿಂದೆ ಸರಿದರು. ಸಾಹೇಬ ಕರ್ಚೀಪಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ರಸ್ತೆಯ ಮೇಲೆ ಇನ್ನೊಂದು ಕಂಬ ನಿಂತರೆ ಎಲ್ಲರ ಮೇಲೂ ಕೇಸು ಎಂದು ಹೇಳಿದ. ಗೇಟಿನಲ್ಲಿ ನಿಂತ ರಾಜಕುಮಾರ ಅವನಿಗೆ ಮಜ್ಜಿಗೆ ಕಳಿಸಿಕೊಟ್ಟ.

ಬಿಸಿಲು ನೆತ್ತಿಗೆ ಬರುತ್ತಿತ್ತು. ಶೆಡ್ಡಿನೊಳಗಿಂದ ಫರಹಾನಾ ಒಮ್ಮೆ ಅಮ್ಮಾ ಎಂದಳು. ಅದು ಅಳುವಿನ ಹಾಗೂ ಇರಲಿಲ್ಲ, ಕರೆದ ಹಾಗೂ ಇರಲಿಲ್ಲ.

ನಾನು ನನ್ನ ಶೆಡ್ಡಿಗೆ ಹೋದೆ. ಜಗಲಿಯ ಮೇಲೆ ಬೀರಪ್ಪನ ಕಂಬಳಿ ಹಾಸಿ ಅದರ ಮೇಲೆ ಪೂಜೆಯ ಅರಿಶಿನ ಪುಡಿ, ಭಂಡಾರ, ಇಟ್ಟಿರುತ್ತೇವೆ. ಕರೀ ಕಂಬಳಿ, ನನ್ನ ಮಾವನ ಕೈಯಲ್ಲಿ ನೂತ ಉಣ್ಣೆ, ಸೂರ್ಯನೂ ಅದರೊಳಗೆ ಇಣುಕಲಾರ. ಮುಟ್ಟಾದ ಹೆಂಗಸು ಅದರ ಹತ್ತಿರ ಸುಳಿಯುವಂತಿಲ್ಲ, ಸತ್ತ ಮನೆಯಿಂದ ಬಂದವಳು ಮುಟ್ಟಲೇಬಾರದು. ನಾನು ಮುಟ್ಟಿದೆ. ಭಂಡಾರವನ್ನು ತಾಟಿಗೆ ಸುರಿದು, ಕೈಗಂಟಿದ್ದನ್ನು ಹಣೆಗೆ ಬಳಿದುಕೊಂಡು, ಕಂಬಳಿ ಕೊಡವಿಕೊಂಡು ಹೊರಗೆ ಬಂದೆ. ಸಿಟ್ಟು ಮಾಡುವುದಿದ್ದರೆ ಆಮೇಲೆ ಮಾಡಲಿ, ಬೀರಪ್ಪನಿಗೆ ನಾನೇ ಜವಾಬು ಕೊಡುತ್ತೇನೆ.

ಗಾರೆ ಹೊರುವ ಕಬ್ಬಿಣದ ಪುಟ್ಟಿಯೊಂದನ್ನು ಓಣಿಯ ನಡುವೆ ಬೋರಲು ಹಾಕಿ ಅದರ ಮೇಲೆ ಹತ್ತಿದೆ. ಕಂಬಳಿಯ ಒಂದು ತುದಿಯನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಉಳಿದ ಕಂಬಳಿ ನನ್ನ ಹೆಗಲಿನಿಂದ ನೆಲಕ್ಕೆ ಜೋತು ಬಿದ್ದಿತ್ತು. ಓಣಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

“ಯಾಕ ನೋಡ್ತೀರಿ? ನಿಮ್ಮ ಮನಿ ಗಳ ಒಯ್ದಾರ, ಕೈ ಒಯ್ದಿಲ್ಲ. ಬರ್ರಿ.”

ಮೊದಲು ಬಂದವಳು ಹೋದ ಹಬ್ಬದಲ್ಲಿ ನನ್ನ ಜೊತೆ ಜಗಳವಾಡಿ ಮಾತು ಬಿಟ್ಟಿದ್ದ ತಬಸುಮ. ತನ್ನ ಪುಟ್ಟಿ ತಂದು ಎದುರಿನ ಮೂಲೆಗೆ ಬೋರಲು ಹಾಕಿ, ನನ್ನ ಮುಖ ನೋಡದೆಯೇ ಕಂಬಳಿಯ ಇನ್ನೊಂದು ತುದಿ ಎತ್ತಿಕೊಂಡಳು. ಆಮೇಲೆ ಯಮನೂರನ ಹೆಂಡತಿ. ಆಮೇಲೆ ಉಳಿದವರು ಸೀರೆ, ಕೌದಿ, ಚಾದರ ಹಿಡಿದುಕೊಂಡು ಬಂದರು. ಕಂಬಳಿಯ ಸುತ್ತ ಕೌದಿಗಳು ಜೋತುಬಿದ್ದವು. ಎಲ್ಲರ ಬೆನ್ನು ಒಳಗೆ, ಮುಖ ಹೊರಗೆ, ಕೈ ಮೇಲೆ. ಹೆಂಗಸಿಗೂ ಹೆಂಗಸಿಗೂ ನಡುವೆ ಗಾಳಿ ತೂರುವಷ್ಟು ಸಂದು ಇರಲಿಲ್ಲ.

ಗಂಡಸರು ಹಲಗೆ ಒಳಗಿಟ್ಟು, ಹಂಡೆ ಇಟ್ಟು, ತಲೆ ತಗ್ಗಿಸಿ ದೂರ ಹೋದರು. ಸುಲ್ತಾನಾ, ಫರಹಾನಾ, ಇನ್ನಿಬ್ಬರು ಸೇರಿ ಜುಲೇಖಾಳನ್ನು ಚಾದರದಲ್ಲಿ ಎತ್ತಿ ತಂದರು. ಕೌದಿ ಸರಿಸಿದೆವು, ಅವಳು ಒಳಗೆ ಹೋದಳು, ಕೌದಿ ಮುಚ್ಚಿದೆವು.

ಸಾಹೇಬ ಮಜ್ಜಿಗೆಯ ಗ್ಲಾಸು ಹಿಡಿದೇ ಓಡಿ ಬಂದ. ಇದೇನಮ್ಮ, ಹೇಳಿದ್ದು ಅರ್ಥವಾಗಲಿಲ್ಲವೇ, ತೆಗೀರಿ ಎಂದ.

“ಕಂಬ ಎಲ್ಲಿ ಅದಾವ ತೋರಸ್ರಿ ಸಾಹೇಬ್ರ. ಮಂದಿ ನಿಂತೇವಿ,” ಎಂದೆ ನಾನು.

ಪೊಲೀಸ ಲಾಠಿ ಎತ್ತಿದ. ಹೊಡೆದರೆ ಕಂಬಳಿ ಬೀಳುತ್ತದೆ, ಬಿದ್ದರೆ ಒಳಗಿನದು ಕಾಣುತ್ತದೆ ಎಂಬುದು ಅವನಿಗೂ ಹೊಳೆದಿರಬೇಕು, ಅವನೂ ತಾಯಿಯ ಮಗನೇ ತಾನೆ. ಲಾಠಿ ಇಳಿಯಿತು. ಹೆಂಗಸರನ್ನು ಮುಟ್ಟಲು ಹೆಂಗಸರೇ ಬೇಕು ಎಂದು ಸಾಹೇಬನ ಕಿವಿಯಲ್ಲಿ ಹೇಳಿದ. ಸಾಹೇಬ ಮಹಿಳಾ ಪೊಲೀಸರನ್ನು ಕಳಿಸಿ ಎಂದು ಫೋನು ಮಾಡಿದ.

ನನ್ನ ಬೆನ್ನ ಹಿಂದೆ ನೀರು ಬೀಳುವ ಸದ್ದು ಶುರುವಾಯಿತು. ಸುಲ್ತಾನಾ ಏನೋ ಮೆಲ್ಲಗೆ ಓದುತ್ತಿದ್ದಳು. ಒಂದು ಚೊಂಬು, ಮತ್ತೊಂದು ಚೊಂಬು, ಅವಸರವಿಲ್ಲದೆ. ಕರ್ಪೂರದ ವಾಸನೆ ಬಂತು. ಮೇಲಿನ ಪೋರರು ಮೊಬೈಲು ತಿರುಗಿಸಿ ತಿರುಗಿಸಿ ನೋಡಿ, ಬರೀ ಕರೀ ಉಣ್ಣೆ ಕಂಡು ಒಳಗೆ ಹೋದರು. ನನ್ನ ರಟ್ಟೆ ಸಿಡಿಯುತ್ತಿತ್ತು, ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಆದರೆ ನಿಜ ಹೇಳುತ್ತೇನೆ, ಜನ್ಮದಲ್ಲಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಹಾಕ್ಕೊಳ್ಳವಾ ಜುಲೇಖಾ, ಮೈತುಂಬ ಹಾಕ್ಕೊ, ಯಾರೂ ಕೆಮ್ಮುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಅತ್ತೆ.

ಓಣಿಯ ಬಾಯಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಫ್ಲಾಟು ನೋಡುವ ಪಾರ್ಟಿ. ಮುಂದೆ ಬರಲು ದಾರಿಯಿಲ್ಲದೆ ಹಾರ್ನು ಹೊಡೆಯತೊಡಗಿತು. ರಾಜಕುಮಾರ ಕಾರಿನ ಹತ್ತಿರ ಓಡಿದ, ನಮ್ಮ ಹತ್ತಿರ ಓಡಿದ, ಮತ್ತೆ ಕಾರಿನ ಹತ್ತಿರ ಓಡಿದ. ಕಡೆಗೆ ನನ್ನ ಮುಂದೆ ಬಂದು ನಿಂತ. ಪುಟ್ಟಿಯ ಮೇಲೆ ನಿಂತ ನನ್ನನ್ನು ತಲೆಯೆತ್ತಿ ನೋಡಬೇಕಾಗಿತ್ತು ಅವನಿಗೆ.

“ಯವ್ವಾ, ನಿನ್ನ ಕಾಲ ಬೀಳ್ತೇನಿ. ಪಾರ್ಕಿಂಗಿನ್ಯಾಗ ಒಯ್ದು ತೊಳೀರಿ. ಎಷ್ಟೊತ್ತರ ತೊಳೀರಿ. ಮೊದಲ ದಾರಿ ಬಿಡ್ರಿ.”

“ಅಕಿ ಜಳಕ ಮಾಡಾಕತ್ಯಾಳ. ನಡುವ ಎಬ್ಬಸಬಾರದು,” ಎಂದೆ.

ಸ್ನಾನ ಮುಗಿಯಿತು. ಬಿಳಿ ಬಟ್ಟೆ ಉಡಿಸಿದರು. ಸುಲ್ತಾನಾ ಒಳಗಿಂದಲೇ ಕೂಗಿ ಆಯಿತು ಎಂದಳು. ಗಂಡಸರು ಡೋಲಿ ತಂದರು, ಫಕ್ರುಸಾಬ ಟೊಪ್ಪಿಗೆ ತೊಳೆದು ಒದ್ದೆಯಾಗಿಯೇ ಹಾಕಿಕೊಂಡಿದ್ದ. ಜುಲೇಖಾ ನಮ್ಮ ನಡುವಿನಿಂದ ಹೊರಟಳು. ಬಿಳಿ ಕಾರು ತಾನಾಗಿ ಹಿಂದೆ ಸರಿದು ಅವಳಿಗೆ ದಾರಿ ಕೊಟ್ಟಿತು, ಆಮೇಲೆ ತಿರುಗಿಸಿಕೊಂಡು ಹೋಗಿಯೇಬಿಟ್ಟಿತು.

ಸಾಹೇಬ ನಿಟ್ಟುಸಿರು ಬಿಟ್ಟು, ಸರಿ, ಮುಗಿಯಿತಲ್ಲ, ಇನ್ನು ಇಳಿಸಿ ಹೋಗಿ, ಕೇಸು ಹಾಕುವುದಿಲ್ಲ ಎಂದ. ಮಾತಿನಲ್ಲಿ ಉಪಕಾರ ಮಾಡಿದ ಧಾಟಿ ಇತ್ತು. ಜೀಪಿನಲ್ಲಿ ಹುಲ್ಲಪ್ಪ ಇನ್ನೂ ಕುಳಿತೇ ಇದ್ದ, ಅವನ ಕೆನ್ನೆ ಊದಿತ್ತು. ಟ್ರ್ಯಾಕ್ಟರಿನಲ್ಲಿ ನಮ್ಮ ಗಳಗಳು ಬಿದ್ದಿದ್ದವು. ಅವನನ್ನು ಬಿಡುವ, ಅವನ್ನು ಕೊಡುವ ಮಾತೇ ಸಾಹೇಬ ಎತ್ತಲಿಲ್ಲ. ನಾನು ತಬಸುಮಳ ಮುಖ ನೋಡಿದೆ, ತಬಸುಮ ಸುಲ್ತಾನಾಳ ಮುಖ ನೋಡಿದಳು. ಯಾರ ಕೈಯೂ ಕೆಳಗೆ ಬರಲಿಲ್ಲ.

ಸುಲ್ತಾನಾ ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತ ಸಾಹೇಬನ ಮುಂದೆ ಹೋಗಿ ನಿಂತಳು.

“ಸತ್ತಾಕಿ ಹಂದರ ಜಿಯಾರತ್ ತನಕ ಇಳಸೂದಿಲ್ರಿ ನಮ್ಮ ಓಣ್ಯಾಗ. ಮೂರನೇ ದಿನಕ್ಕ ಇಳಸ್ತೇವಿ.”

“ಮೂರು ದಿನ ಹೀಗೇ ಕೈ ಎತ್ತಿಕೊಂಡು ನಿಲ್ಲುತ್ತೀರಾ? ತಲೆ ಕೆಟ್ಟಿದೆಯಾ ನಿಮಗೆ?”

ಇಟ್ಟಿಗೆ ಕೆಲಸಕ್ಕೆ ಹೋಗಿದ್ದ ನಮ್ಮ ಓಣಿಯ ಹೆಂಗಸರು ಸುದ್ದಿ ಕೇಳಿ ತಲೆಯ ಸಿಂಬಿಯನ್ನೂ ತೆಗೆಯದೆ ಬರುತ್ತಿದ್ದರು. ಫರಹಾನಾ ಹಸಿ ತೋಳಿನಲ್ಲೇ ನನ್ನ ಹತ್ತಿರ ಬಂದು, ನೀ ಇಳಿ ಮೌಸಿ, ನೀರು ಕುಡಿದು ಬಾ ಎಂದು ಪುಟ್ಟಿ ಹತ್ತಿದಳು. ನನ್ನ ಕೈಯ ಕೆಳಗೆ ಅವಳ ಕೈ ಬಂದ ಮೇಲೆಯೇ ನಾನು ಕಂಬಳಿಯ ತುದಿ ಬಿಟ್ಟೆ.

ಮಹಿಳಾ ಪೊಲೀಸರ ವ್ಯಾನು ಓಣಿಯ ಬಾಯಿಗೆ ಬಂದು ನಿಂತಿತು. ಬಾಗಿಲು ತೆರೆದು ಒಬ್ಬೊಬ್ಬರೇ ಇಳಿಯತೊಡಗಿದರು. ನಾನು ಒಂದೇ ಗುಟುಕು ನೀರು ಕುಡಿದು, ಚೊಂಬು ಕೆಳಗಿಟ್ಟು, ಮತ್ತೊಂದು ಪುಟ್ಟಿ ಹುಡುಕಲು ಹೊರಟೆ.